ಹಟ್ಟಿಯ ದನ-ಕರುಗಳಿಗೆ ಹುಳದ ಮದ್ದು: ಯಾವಾಗ ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬಾರದು

ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆದು ಮೊದಲ ಮಳೆ ಬಿದ್ದ ವಾರದಲ್ಲಿ ಕಾಸರಗೋಡಿನ ಹಳ್ಳಿಗಳ ಮೃಗಾಸ್ಪತ್ರೆಗಳ ಮುಂದೆ ಖಾಲಿ ಬಾಟ್ಲಿ ಹಿಡಿದು ನಿಂತವರು ಕಾಣಸಿಗುತ್ತಾರೆ. ‘ದನಕ್ಕೆ ಹುಳದ ಮದ್ದು’ ಎಂದು ಕೇಳಿ ಪಡೆದು, ಅದೇ ಸಂಜೆ ಗಬ್ಬದ ದನ, ಹಾಲಿನ ದನ, ಮಾರಲಿಟ್ಟ ಹೋರಿ, ಮೊನ್ನೆ ಹುಟ್ಟಿದ ಕರು ಎಂಬ ಭೇದವಿಲ್ಲದೆ ಒಂದೇ ಗೊಟ್ಟದಲ್ಲಿ ಎಲ್ಲಕ್ಕೂ ಕುಡಿಸಿ, ವರ್ಷದ ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ನಡೆದು ಬಂದ ರೂಢಿ. ಮದ್ದು ಒಳ್ಳೆಯದೇ ಇರಬಹುದು. ಆದರೆ ಹುಳದ ಜೀವನಚಕ್ರ ಎಲ್ಲಿಗೆ ಬಂದಿದೆ, ದನದ ಗರ್ಭಕ್ಕೆ ಎಷ್ಟು ದಿನವಾಗಿದೆ, ಹಾಲು ಅಥವಾ ಮಾಂಸ ಯಾವ ದಿನ ಮನುಷ್ಯರ ಬಾಯಿಗೆ ಹೋಗಲಿದೆ ಎಂಬ ಮೂರು ಲೆಕ್ಕಗಳನ್ನು ಬಿಟ್ಟು ಕೊಟ್ಟ ಮದ್ದು ಒಮ್ಮೆ ವ್ಯರ್ಥವಾಗುತ್ತದೆ, ಇನ್ನೊಮ್ಮೆ ಅಪಾಯವನ್ನೇ ತರುತ್ತದೆ. ಆ ಮೂರು ಲೆಕ್ಕಗಳನ್ನು ಹಾಕಿ ದಿನ ಗೊತ್ತು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಕರುವನ್ನು ತಾಯಿಯ ಜೊತೆಗೇ ಬಿಟ್ಟು ಸಾಕುವವರಿಗೆ, ಅಂದರೆ ಕಾಸರಗೋಡು ಗಿಡ್ಡ ತಳಿಯ ಒಂದೆರಡು ದನ ಇಟ್ಟುಕೊಂಡವರಿಗೂ, ಮಾಂಸದ ಉದ್ದೇಶಕ್ಕೆ ಹೋರಿಗರು ಅಥವಾ ಎಮ್ಮೆಗರುಗಳನ್ನು ಬೆಳೆಸುವವರಿಗೂ ಇದು ಹೆಚ್ಚು ಅನ್ವಯಿಸುತ್ತದೆ. ಇಂಥ ಹಟ್ಟಿಯಲ್ಲಿ ತಾಯಿ ಹಾಕಿದ ಸೆಗಣಿಯ ಪಕ್ಕದ ಹುಲ್ಲನ್ನೇ ಕರು ಮೇಯುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಲೆಕ್ಕವಿದ್ದರೂ ಅವನ್ನು ಒಟ್ಟಿಗೆ ಕೂತು ಹಾಕಬೇಕಾಗುತ್ತದೆ.

ಮೊದಲಿಗೆ ಒಂದು ಎಚ್ಚರಿಕೆ. ಅಮೆರಿಕ, ಕೆನಡಾಗಳ ಮಾಂಸದ ದನಗಳಿಗಾಗಿ ಬರೆದ ವೇಳಾಪಟ್ಟಿಗಳು ಈಗ ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಚಳಿಗಾಲಕ್ಕೆ ಮುಂಚೆ, ಇಂಥ ತಾರೀಕಿನೊಳಗೆ ಮದ್ದು ಹಾಕಿ ಮುಗಿಸಿ, ಆಮೇಲೆ ಹಾಕಬೇಡಿ ಎಂಬ ಕಟ್ಟುನಿಟ್ಟಿನ ಮಾತು ಇರುತ್ತದೆ. ಅದಕ್ಕೆ ಕಾರಣ ಹೈಪೊಡರ್ಮಾ ಎಂಬ ನೊಣದ ಮರಿಹುಳ. ಅದು ದನದ ಮೈಯೊಳಗೆ ತಿಂಗಳುಗಟ್ಟಲೆ ಸಂಚರಿಸಿ, ಚಳಿಗಾಲದಲ್ಲಿ ಒಂದು ಜಾತಿ ಅನ್ನನಾಳದ ಸುತ್ತ, ಇನ್ನೊಂದು ಜಾತಿ ಬೆನ್ನುಹುರಿಯ ಪಕ್ಕ ತಂಗುತ್ತದೆ. ಆ ಹೊತ್ತಿನಲ್ಲಿ ಅದನ್ನು ಕೊಂದರೆ ಅಲ್ಲಿ ಊತ ಬಂದು ದನ ಹೊಟ್ಟೆ ಉಬ್ಬರಿಸಬಹುದು ಅಥವಾ ಹಿಂಗಾಲು ಸೋತು ಬೀಳಬಹುದು. ನಮ್ಮ ಕರಾವಳಿಯ ದನಗಳಿಗೆ ಆ ಹುಳದ ಕಾಟವಿಲ್ಲ. ಇಲ್ಲಿನ ದಿನಾಂಕಗಳನ್ನು ನಿರ್ಧರಿಸುವುದು ಮಳೆ.

ಮೊದಲ ಹೆಜ್ಜೆ: ಯಾವ ಹುಳ, ಎಲ್ಲಿಂದ ಬಂತು

ಜಠರ ಮತ್ತು ಕರುಳಿನ ದುಂಡುಹುಳಗಳ ಮೊಟ್ಟೆ ಸೆಗಣಿಯ ಜೊತೆ ಹೊರಬೀಳುತ್ತದೆ. ಬಿಸಿಯೂ ತೇವವೂ ಇದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆಯೊಡೆದು ಬಂದ ಮರಿ ಸೋಂಕು ತಗಲಿಸುವ ಹಂತಕ್ಕೆ ಬೆಳೆದು ಹುಲ್ಲಿನ ಎಸಳು ಹತ್ತುತ್ತದೆ. ದನ ಅದನ್ನು ತಿಂದ ಮೂರು ವಾರಗಳ ಆಸುಪಾಸಿನಲ್ಲಿ ಹೊಸ ಹುಳ ಮೊಟ್ಟೆ ಇಡಲು ಸುರುಮಾಡುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಮುರಕಲ್ಲಿನ ಗುಡ್ಡೆ ಕಾದು ಹುಲ್ಲು ಹಳದಿಯಾದಾಗ ಈ ಮರಿಗಳು ಬಹುಪಾಲು ಸಾಯುತ್ತವೆ. ಬೇಸಿಗೆಯನ್ನು ಹುಳ ಕಳೆಯುವುದು ಹೆಚ್ಚಾಗಿ ದನದ ಹೊಟ್ಟೆಯೊಳಗೇ. ಜೂನ್ ತಿಂಗಳಲ್ಲಿ ಗುಡ್ಡೆ ಹಸಿರಾದೊಡನೆ, ಆ ಹೊಟ್ಟೆಯಿಂದ ಬಿದ್ದ ಮೊಟ್ಟೆಗಳಿಂದಲೇ ಹೊಸ ವರ್ಷದ ಸೋಂಕು ಆರಂಭವಾಗುತ್ತದೆ.

ಯಕೃತ್ತಿನ ಚಪ್ಪಟೆ ಹುಳದ ಕಥೆ ಬೇರೆ. ನಮ್ಮ ಕಡೆ ಕಾಣುವುದು ಫ್ಯಾಸಿಯೋಲಾ ಜೈಜಾಂಟಿಕಾ ಎಂಬ ಜಾತಿ. ಇದಕ್ಕೆ ನಡುವೆ ಒಂದು ಸಿಹಿನೀರಿನ ಬಸವನಹುಳ ಬೇಕು. ಗದ್ದೆಬೈಲು, ತೋಡಿನ ಅಂಚು, ಪಳ್ಳ, ಮದಕ, ಅಡಿಕೆ ತೋಟದ ನೀರು ನಿಂತ ಉಜಿರು ಕಣಿ (ನೀರು ಬಸಿದು ಹೋಗುವ ಚರಂಡಿ), ಇವೆಲ್ಲ ಆ ಬಸವನಹುಳದ ನೆಲೆಗಳು. ಅದರ ಮೈಯಿಂದ ಹೊರಬಂದ ಮರಿ ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕೂರುತ್ತದೆ. ಮಳೆ ಹಿಂದೆ ಸರಿದು, ಗುಡ್ಡೆಯ ಹುಲ್ಲು ಒಣಗಿ, ದನಗಳು ಹಸಿರು ಹುಡುಕಿಕೊಂಡು ಬೈಲಿಗೂ ತೋಡಿನ ಬದಿಗೂ ಇಳಿಯುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲದಲ್ಲಿ ಇದು ಹೆಚ್ಚು ಹೊಟ್ಟೆ ಸೇರುತ್ತದೆ. ಸೇರಿದ ಮೇಲೂ ಎರಡು ಮೂರು ತಿಂಗಳು ಯಕೃತ್ತಿನ ಮಾಂಸವನ್ನು ಕೊರೆಯುತ್ತಾ ಹೋಗಿ, ಕೊನೆಗೆ ಪಿತ್ತನಾಳ ತಲುಪಿ ಮೊಟ್ಟೆ ಇಡಲು 13ರಿಂದ 16 ವಾರ ಬೇಕು. ಇದನ್ನು ನೆನಪಿಟ್ಟುಕೊಳ್ಳಿ; ಮುಂದೆ ದಿನಾಂಕ ಹಿಡಿಯುವಾಗ ಇಡೀ ಲೆಕ್ಕ ನಿಲ್ಲುವುದು ಈ ವಾರಗಳ ಮೇಲೆ. ಗದ್ದದ ಕೆಳಗೆ ಮೆತ್ತಗಿನ ನೀರೂತ, ಒರಟಾದ ರೋಮ, ಬಿಳಿಚಿಕೊಂಡ ಕಣ್ಣಿನ ಒಳರೆಪ್ಪೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇದೇ ನೀರಿನ ದಾರಿಯಲ್ಲಿ ಬರುವ ಇನ್ನೊಂದು ಚಪ್ಪಟೆ ಹುಳ ಹೊಟ್ಟೆಚೀಲದಲ್ಲಿ ಬೆಳೆಯುತ್ತದೆ. ಅದರ ಎಳೆಯ ಹಂತ ಸಣ್ಣ ಕರುಳಿನಲ್ಲಿರುವಾಗ ದುರ್ವಾಸನೆಯ ನೀರುಭೇದಿ ಬರುತ್ತದೆ, ಆದರೆ ಸೆಗಣಿ ಪರೀಕ್ಷೆಯಲ್ಲಿ ಮೊಟ್ಟೆ ಕಾಣುವುದಿಲ್ಲ. ದನ ನೀರುಬದಿಯಲ್ಲಿ ಮೇಯುತ್ತಿತ್ತೆಂಬುದನ್ನು ವೈದ್ಯರಿಗೆ ಹೇಳದಿದ್ದರೆ ಅವರಿಗೂ ಇದು ಹೊಳೆಯಲಿಕ್ಕಿಲ್ಲ.

ಎರಡನೆಯ ಹೆಜ್ಜೆ: ಸೆಗಣಿ ತೋರಿಸಿ, ಆಮೇಲೆ ಮದ್ದು ಕೇಳಿ

ಹಟ್ಟಿಯ ನೆಲದಿಂದ ಕೆರೆದು ತೆಗೆದ ಸೆಗಣಿ ಪರೀಕ್ಷೆಗೆ ಯೋಗ್ಯವಲ್ಲ. ಬೆಳಗ್ಗೆ ದನ ಸೆಗಣಿ ಹಾಕಿದ ಕೂಡಲೇ, ನೆಲಕ್ಕೆ ತಾಗದ ಮೇಲ್ಭಾಗದಿಂದ ಎರಡು ಚಮಚದಷ್ಟು ತೆಗೆದು, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಹಾಕಿ, ಯಾವ ದನದ್ದೆಂದು ಚೀಟಿ ಅಂಟಿಸಿ ಅದೇ ದಿನ ಆಸ್ಪತ್ರೆಗೆ ಮುಟ್ಟಿಸಬೇಕು. ತಡವಾಗುವುದಾದರೆ ಫ್ರಿಜ್ಜಿನ ಕೆಳತಟ್ಟೆಯಲ್ಲಿ ಇಡಬಹುದು. (ಮನೆಯವರಿಗೆ ಮೊದಲೇ ತಿಳಿಸಿ ಇಡುವುದು ಕ್ಷೇಮ.) ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಅರ್ಧ ದಿನ ಕಳೆದ ಸೆಗಣಿಯಲ್ಲಿ ಮೊಟ್ಟೆ ಒಡೆದು ಮರಿಯಾಗತೊಡಗಿರಬಹುದು, ಆಗ ಲೆಕ್ಕ ತಪ್ಪುತ್ತದೆ. ಡಬ್ಬಿ ಕೊಡುವಾಗ ಯಕೃತ್ತಿನ ಹುಳಕ್ಕೂ ನೋಡಬೇಕೆಂದು ಬಾಯಿಬಿಟ್ಟು ಹೇಳಬೇಕು. ದುಂಡುಹುಳದ ಮೊಟ್ಟೆ ಹಗುರವಾಗಿದ್ದು ಉಪ್ಪುನೀರಿನಲ್ಲಿ ತೇಲುತ್ತದೆ. ಚಪ್ಪಟೆ ಹುಳದ ಮೊಟ್ಟೆ ಭಾರವಾಗಿದ್ದು ತಳಕ್ಕೆ ಇಳಿಯುತ್ತದೆ. ಎರಡನ್ನೂ ನೋಡುವ ವಿಧಾನ ಬೇರೆ ಬೇರೆ.

ಬೆಳೆದ ದನಕ್ಕೆ ದುಂಡುಹುಳದ ವಿರುದ್ಧ ಒಂದಷ್ಟು ಪ್ರತಿರೋಧ ಶಕ್ತಿ ತಾನಾಗಿಯೇ ಬಂದಿರುತ್ತದೆ. ಮೈ ತುಂಬಿಕೊಂಡು, ರೋಮ ಹೊಳೆಯುತ್ತಾ, ಸೆಗಣಿಯಲ್ಲಿ ನಾಲ್ಕಾರು ಮೊಟ್ಟೆ ಮಾತ್ರ ಇರುವ ನಾಲ್ಕನೆಯ ಸೂಲಿನ ದನಕ್ಕೆ ಮದ್ದು ಕೊಡದೆ ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಜಿಪುಣತನದಿಂದ ಹೇಳುವ ಮಾತಲ್ಲ ಇದು. ಹಟ್ಟಿಯ ಎಲ್ಲ ದನಗಳಿಗೂ ಪ್ರತಿ ಸಲ ಅದೇ ಮದ್ದು ಬಿದ್ದರೆ, ಮದ್ದಿಗೆ ಜಗ್ಗದ ಹುಳಗಳು ಮಾತ್ರ ಉಳಿದು ಅವುಗಳ ಸಂತಾನವೇ ಗುಡ್ಡೆ ತುಂಬುತ್ತದೆ. ಮದ್ದು ತಾಗದ ಹುಳ ಒಂದೆರಡು ದನಗಳಲ್ಲಿ ಉಳಿದಿದ್ದರೆ ಆ ಸಂತಾನ ಬೆರೆತು ಮದ್ದಿನ ಶಕ್ತಿ ಹೆಚ್ಚು ವರ್ಷ ಬಾಳುತ್ತದೆ. ಕರು, ಕಡಸು, ಮೊದಲ ಸೂಲಿನ ದನ, ಬಡಕಲಾದ ದನ ಇವುಗಳಿಗೆ ಈ ಔದಾರ್ಯ ಸಲ್ಲದು. ಯಕೃತ್ತಿನ ಹುಳದ ವಿಷಯದಲ್ಲಂತೂ ವಯಸ್ಸಾದ ದನಕ್ಕೂ ಪ್ರತಿರೋಧ ಸಾಲದು; ಅಲ್ಲಿ ನೀರುಬದಿಗೆ ಇಳಿಯುವ ಎಲ್ಲಕ್ಕೂ ಚಿಕಿತ್ಸೆ ಬೇಕು.

ಮೂರನೆಯ ಹೆಜ್ಜೆ: ತೂಕ

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಮ್ಮ ಗಿಡ್ಡ ದನಗಳ ಮಟ್ಟಿಗೆ ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ದೊಡ್ಡ ಗುಳಿಗೆಗಳೂ ಬಾಟ್ಲಿಯ ಮೇಲಿನ ‘ದೊಡ್ಡ ದನಕ್ಕೆ ಇಷ್ಟು’ ಎಂಬ ಸೂಚನೆಯೂ ಮುನ್ನೂರು ನಾನ್ನೂರು ಕಿಲೋ ತೂಗುವ ಮಿಶ್ರತಳಿಯನ್ನು ಕಣ್ಣಮುಂದಿಟ್ಟು ಮಾಡಿದವು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಗುಡ್ಡೆಗಳಲ್ಲಿ ಮೇಯುವ, ನಮ್ಮ ಸೊಂಟದೆತ್ತರದ ದನ ಅದರ ಅರ್ಧವೂ ತೂಗುವುದಿಲ್ಲ.

ದರ್ಜಿಯ ಟೇಪೊಂದು ಸಾಕು. ದನವನ್ನು ಸಮನೆಲದಲ್ಲಿ ನಾಲ್ಕು ಕಾಲೂ ನೇರವಾಗಿರುವಂತೆ ನಿಲ್ಲಿಸಿ, ಮುಂಗಾಲಿನ ಹಿಂದೆಯೇ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆಯಿರಿ. ಟೇಪು ಚರ್ಮಕ್ಕೆ ತಾಗಿರಬೇಕು, ಬಿಗಿಯಬಾರದು. ಮತ್ತೆ ಭುಜದ ಮುಂಭಾಗದ ಮೂಳೆಯಿಂದ ಬಾಲದ ಬುಡದ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯವರೆಗಿನ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 48 ಇಂಚು, ಉದ್ದ 40 ಇಂಚು ಇರುವ ದನಕ್ಕೆ ಇದು ಸುಮಾರು 140 ಕಿಲೋ ಆಗುತ್ತದೆ. ಸುತ್ತಳತೆ 66, ಉದ್ದ 58 ಇಂಚು ಇರುವ ಪಕ್ಕದ ಮನೆಯ ಮಿಶ್ರತಳಿಗೆ ಸುಮಾರು 383 ಕಿಲೋ. ತುಂಬುಗಬ್ಬದ ದನಕ್ಕೆ ಈ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ.

ಈಗ 3 ಗ್ರಾಂ ಫೆನ್‌ಬೆಂಡಜೋಲ್ ಇರುವ ಒಂದು ದೊಡ್ಡ ಗುಳಿಗೆಯನ್ನು ಎರಡಕ್ಕೂ ಕೊಟ್ಟರೆಂದು ಭಾವಿಸಿ. ಮಿಶ್ರತಳಿಗೆ ಕಿಲೋಗೆ 8 ಮಿಲಿಗ್ರಾಂ ಹತ್ತಿರ ಬಿತ್ತು, ಸರಿಯೇ. ಗಿಡ್ಡ ದನಕ್ಕೆ ಬಿದ್ದದ್ದು ಕಿಲೋಗೆ 21 ಮಿಲಿಗ್ರಾಂ. ಬೇಕಾಗಿದ್ದದ್ದು 5ರಿಂದ 7.5. ಫೆನ್‌ಬೆಂಡಜೋಲ್ ಬಹಳ ಸೌಮ್ಯವಾದ ಮದ್ದಾದ ಕಾರಣ ದನ ತಡೆದುಕೊಳ್ಳುತ್ತದೆ. ಇದೇ ಧಾರಾಳವನ್ನು ಲೆವಮಿಸೋಲಿನಲ್ಲಿ ತೋರಿಸಿದರೆ ಬಾಯಲ್ಲಿ ನೊರೆ, ನಡುಕ, ತತ್ತರಿಸಿ ಬೀಳುವುದು ಎಲ್ಲ ಅರ್ಧ ಗಂಟೆಯಲ್ಲಿ ಕಾಣಬಹುದು. ರಾಫೋಕ್ಸನೈಡ್, ಕ್ಲೋಸಾಂಟೆಲ್ ಮದ್ದುಗಳು ಅಳತೆ ಬಹಳ ಮೀರಿದರೆ ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲವು. ಹಾಗೆಂದು ಹೆದರಿ ಕಡಿಮೆ ಕೊಡುವುದೂ ಅಷ್ಟೇ ಕೆಟ್ಟದ್ದು; ಅರೆ ಅಳತೆ ತಿಂದು ಬದುಕಿದ ಹುಳವೇ ಮುಂದೆ ಮದ್ದಿಗೆ ಜಗ್ಗದ ಹುಳವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಗಬ್ಬದ ಲೆಕ್ಕ

ದನಕ್ಕೆ ಬೆದೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವ ಅಭ್ಯಾಸ ಇರುವ ಮನೆಗೆ ಈ ಹೆಜ್ಜೆ ಸುಲಭ. ಗರ್ಭ ಕಟ್ಟಿದ ಮೊದಲ 45 ದಿನಗಳಲ್ಲಿ ಆಲ್ಬೆಂಡಜೋಲ್ ಎಂಬ ಹುಳದ ಮದ್ದನ್ನು ಕೊಡಬಾರದು. ಭ್ರೂಣದ ಅಂಗಾಂಗಗಳು ರೂಪುಗೊಳ್ಳುವ ಆ ದಿನಗಳಲ್ಲಿ ಅದು ಅಂಗವೈಕಲ್ಯಕ್ಕೂ ಗರ್ಭನಷ್ಟಕ್ಕೂ ಕಾರಣವಾಗಬಲ್ಲದು. ಹೋರಿಯ ಜೊತೆ ಗುಡ್ಡೆಗೆ ಬಿಡುವ ಗಿಡ್ಡ ದನಗಳ ವಿಷಯದಲ್ಲಿ ಗಬ್ಬ ಕಟ್ಟಿದ ದಿನ ಯಾರಿಗೂ ಗೊತ್ತಿರುವುದಿಲ್ಲ. ಅಂಥ ದನಕ್ಕೆ, ಹೋರಿಯಿಂದ ಬೇರ್ಪಡಿಸಿ 45 ದಿನ ಕಳೆಯುವ ತನಕ ಈ ಮದ್ದು ಬೇಡವೇ ಬೇಡ. ಆಗ ಫೆನ್‌ಬೆಂಡಜೋಲ್ ಕೇಳಿ ಪಡೆಯಬಹುದು. ಗರ್ಭದ ಎಲ್ಲ ಹಂತಗಳಲ್ಲೂ ಅದನ್ನು ಸುರಕ್ಷಿತವೆಂದು ಪರಿಗಣಿಸಲಾಗಿದೆ. ಆದರೆ ಅದು ದುಂಡುಹುಳಕ್ಕೆ ಮಾತ್ರ, ಯಕೃತ್ತಿನ ಹುಳಕ್ಕೆ ಅದನ್ನು ನಂಬಿ ಕೂರುವಂತಿಲ್ಲ.

ಕರು ಹಾಕುವ ಹೊತ್ತಿಗೆ ತಾಯಿಯ ಪ್ರತಿರೋಧ ಶಕ್ತಿ ಕುಗ್ಗಿ ಸೆಗಣಿಯಲ್ಲಿ ಮೊಟ್ಟೆ ಏರುತ್ತದೆ. ಕರು ಹಾಕಿದ ಒಂದೆರಡು ವಾರಗಳಲ್ಲಿ ತಾಯಿಯ ಸೆಗಣಿ ಪರೀಕ್ಷಿಸಿ ಅಗತ್ಯವಿದ್ದರೆ ಮದ್ದು ಕೊಟ್ಟರೆ, ಕರು ಹುಲ್ಲು ಕಚ್ಚಲು ಕಲಿಯುವ ಹೊತ್ತಿಗೆ ಅದರ ಸುತ್ತಲಿನ ನೆಲ ಅಷ್ಟರ ಮಟ್ಟಿಗೆ ಶುದ್ಧವಾಗಿರುತ್ತದೆ. ತುಂಬುಗಬ್ಬದ ಕೊನೆಯ ವಾರಗಳಲ್ಲಿ ಯಾವ ಮದ್ದೇ ಆಗಲಿ, ದನವನ್ನು ಕಟ್ಟಿ ಕೆಡವಿ ಬಲವಂತದಿಂದ ಕುಡಿಸುವುದಕ್ಕೆ ನನ್ನ ಸಮ್ಮತಿಯಿಲ್ಲ; ಮದ್ದಿಗಿಂತ ಆ ಗುದ್ದಾಟವೇ ಗರ್ಭಕ್ಕೆ ಹೆಚ್ಚು ಅಪಾಯ.

ಐದನೆಯ ಹೆಜ್ಜೆ: ಕರು

ಕರುವಿಗೆ ಹುಲ್ಲು ತಿನ್ನುವ ಮೊದಲೇ ಹುಳ ಬರುವುದೆಂದರೆ ಅನೇಕರು ನಂಬುವುದಿಲ್ಲ. ಟೊಕ್ಸೊಕಾರಾ ಎಂಬ ದೊಡ್ಡ ದುಂಡುಹುಳದ ಮರಿಗಳು ತಾಯಿಯ ಮೈಯ ಅಂಗಾಂಶಗಳಲ್ಲಿ ಸುಪ್ತವಾಗಿದ್ದು, ಕರು ಹಾಕಿದ ಮೊದಲ ವಾರಗಳಲ್ಲಿ ಹಾಲಿನ ಮೂಲಕ ಕರುವಿನ ಹೊಟ್ಟೆಗೆ ಇಳಿಯುತ್ತವೆ. ಎಮ್ಮೆಗರುಗಳಲ್ಲಿ ಇದು ಹೆಚ್ಚು, ದನದ ಕರುಗಳಲ್ಲೂ ಇಲ್ಲದಿಲ್ಲ. ಜೇಡಿಮಣ್ಣಿನ ಬಣ್ಣದ ಅಂಟಂಟು ಭೇದಿ, ಹೊಟ್ಟೆ ಮಾತ್ರ ದೊಡ್ಡದಾಗಿ ಬೆನ್ನು ಒಣಗಿದ ರೂಪ, ಕರುವಿನ ಉಸಿರಿಗೆ ಹುಳಿ ಬೆಣ್ಣೆಯಂಥ ವಾಸನೆ ಇದರ ಗುರುತು. ಮೂರು ನಾಲ್ಕು ವಾರ ಆಗುವಾಗ ಹುಳ ಮೊಟ್ಟೆ ಇಡಲು ಸುರುಮಾಡುತ್ತದೆ. ಆದ್ದರಿಂದ ಮದ್ದಿನ ಸಮಯ ಹುಟ್ಟಿದ 10ರಿಂದ 16 ದಿನಗಳ ಒಳಗೆ. ಹಾಲಿನಿಂದ ಬಂದ ಮರಿಹುಳಗಳೆಲ್ಲ ಕರುಳಿನಲ್ಲಿ ಸೇರಿದ್ದು, ಇನ್ನೂ ದೊಡ್ಡವಾಗದೆ, ಮೊಟ್ಟೆ ಇಡದೆ ಇರುವ ಹೊತ್ತು ಅದು. ಎರಡು ತಿಂಗಳು ಕಾದು, ಹುಳಗಳು ಗೇಣುದ್ದ ಬೆಳೆದು ಕರುಳು ತುಂಬಿದ ಮೇಲೆ ಒಮ್ಮೆಲೇ ಕೊಂದರೆ, ಸತ್ತ ಹುಳದ ಮುದ್ದೆ ಕರುಳನ್ನು ಕಟ್ಟಿ ಹಾಕಿ ಕರು ಸಾಯುವುದುಂಟು. ಹಾಗೆ ತಡವಾದ ಕರುವಿಗೆ ಮನೆಯಲ್ಲೇ ಮದ್ದು ಕೊಡದೆ ವೈದ್ಯರಿಗೆ ತೋರಿಸುವುದು ಒಳಿತು.

ಈ ಮೊದಲ ಮದ್ದಿಗೆ ಪೈಪರಜಿನ್ ಅಥವಾ ಪೈರಾಂಟೆಲ್ ಸಾಮಾನ್ಯ, ಫೆನ್‌ಬೆಂಡಜೋಲೂ ಆಗುತ್ತದೆ. ಗಿಡ್ಡ ತಳಿಯ ಎಳೆಗರುವಿನ ತೂಕ ಹತ್ತು ಹದಿನೈದು ಕಿಲೋ ಮಾತ್ರ ಎಂಬುದನ್ನು ಅಳತೆ ಬರೆದು ಕೊಡುವವರಿಗೆ ಹೇಳಿ. ಇಷ್ಟು ಸಣ್ಣ ಕರುವಿಗೆ ಐವರ್ಮೆಕ್ಟಿನ್ ಇಂಜೆಕ್ಷನ್ ಬೇಡ. ಪ್ರತಿ 50 ಕಿಲೋಗೆ 1 ಮಿಲಿಲೀಟರ್ ಎಂಬ ಲೆಕ್ಕದ ಆ ಮದ್ದಿನಲ್ಲಿ ಹದಿನೈದು ಕಿಲೋಗೆ ಬರುವುದು 0.3 ಮಿಲಿಲೀಟರ್, ದೊಡ್ಡ ಸಿರಿಂಜಿನಲ್ಲಿ ಅದನ್ನು ಸರಿಯಾಗಿ ಅಳೆಯುವುದೇ ಕಷ್ಟ, ಒಂದು ಗೆರೆ ತಪ್ಪಿದರೆ ಅಳತೆ ದುಪ್ಪಟ್ಟು.

ಆಮೇಲೆ ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಕುಡಿಸುವುದಕ್ಕಿಂತ, ಕರುವಿಗೆ ಒಂದೂವರೆ ತಿಂಗಳಾದಾಗ ಒಮ್ಮೆ, ಮೂರು ತಿಂಗಳಾದಾಗ ಒಮ್ಮೆ ಸೆಗಣಿ ತೋರಿಸಿ ಅದರ ಮೇಲೆ ತೀರ್ಮಾನಿಸಿ. ಮಳೆಗಾಲದಲ್ಲಿ ಗುಡ್ಡೆಗೆ ಹೋಗಲು ಆರಂಭಿಸಿದ ಕರುವಿಗೆ ಮಾತ್ರ ಈ ಅಂತರ ಉದ್ದವಾಗಬಾರದು. ಮೂರು ವಾರ ದಾಟಿದ ಕರುವಿಗೆ ರಕ್ತ ಬೆರೆತ ಭೇದಿ, ಮುಕ್ಕರಿಕೆ ಕಂಡರೆ ಅದು ಬಹುಶಃ ಕಾಕ್ಸಿಡಿಯಾ ಎಂಬ ಏಕಕೋಶಜೀವಿಯ ಕಾಟ. ಹುಳದ ಮದ್ದು ಅದಕ್ಕೆ ತಾಗುವುದೇ ಇಲ್ಲ.

ಆರನೆಯ ಹೆಜ್ಜೆ: ವರ್ಷದ ದಿನಗಳನ್ನು ಗೊತ್ತು ಮಾಡುವುದು

ಬೇಸಿಗೆಯ ಕೊನೆಯಲ್ಲಿ, ಅಂದರೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಎರಡು ವಾರ ಮೊದಲು ಒಂದು ಚಿಕಿತ್ಸೆ. ಪತ್ತನಾಜೆ ಮೇ 24ರ ಆಸುಪಾಸಿಗೆ ಬರುವುದರಿಂದ ಅದಕ್ಕೆ ಮೊದಲು ಮುಗಿಸುವುದೆಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಇದು ದುಂಡುಹುಳಕ್ಕೆ. ಹೊಟ್ಟೆಯೊಳಗೆ ಬೇಸಿಗೆ ಕಳೆದ ಹುಳವನ್ನು ಮಳೆಗೆ ಮುನ್ನ ಕಡಿಮೆ ಮಾಡಿದರೆ ಹೊಸ ಹುಲ್ಲಿಗೆ ಬೀಳುವ ಮೊಟ್ಟೆಯೇ ಕಡಿಮೆಯಾಗುತ್ತದೆ. ಮಳೆ ಹಿಡಿದ ಮೇಲೆ ಕೊಟ್ಟರೆ, ಕೊಟ್ಟ ಮಾರನೆಯ ದಿನವೇ ದನ ಹೊಸ ಮರಿಗಳನ್ನು ತಿನ್ನಲು ಆರಂಭಿಸಿರುತ್ತದೆ.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕರು, ಕಡಸು, ಬಡಕಲು ದನಗಳ ಸೆಗಣಿ ತೋರಿಸಿ ಅಗತ್ಯವಿದ್ದವಕ್ಕೆ ಮಾತ್ರ ಕೊಡಿ. ದೀಪಾವಳಿಯ ಗೋಪೂಜೆಯ ದಿನ ದನ ಮೀಯಿಸಿ ಮೈ ಮುಟ್ಟಿ ನೋಡುವಾಗ ಪಕ್ಕೆಲುಬು, ಗದ್ದ, ಕಣ್ಣಿನ ಒಳರೆಪ್ಪೆಗಳನ್ನೂ ನೋಡಿಟ್ಟುಕೊಂಡು ಇನ್ನೊಮ್ಮೆ ತೀರ್ಮಾನಿಸಬಹುದು.

ಯಕೃತ್ತಿನ ಹುಳಕ್ಕೆ ದಿನ ಹಿಡಿಯುವುದು ಮದ್ದಿನ ಹೆಸರನ್ನು ನೋಡಿಕೊಂಡು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಆಕ್ಸಿಕ್ಲೋಜನೈಡ್ ಪಿತ್ತನಾಳಕ್ಕೆ ಬಂದು ಬೆಳೆದ ಹುಳವನ್ನು ಮಾತ್ರ ಕೊಲ್ಲುತ್ತದೆ, ಯಕೃತ್ತನ್ನು ಕೊರೆಯುತ್ತಿರುವ ಎಳೆಹುಳವನ್ನು ಮುಟ್ಟುವುದಿಲ್ಲ. ಅಕ್ಟೋಬರ್ ಕೊನೆಗೆ ಹೊಟ್ಟೆ ಸೇರಿದ ಹುಳ ಬೆಳೆಯಲು ಹದಿನಾಲ್ಕು ವಾರವೆಂದು ಹಿಡಿದರೆ ಫೆಬ್ರವರಿ ಬರುತ್ತದೆ. ನವೆಂಬರಿನಲ್ಲಿ ಅದನ್ನು ಕುಡಿಸಿ, ಮದ್ದು ಕೊಟ್ಟೂ ಗದ್ದದ ಊತ ಇಳಿಯಲಿಲ್ಲವೆಂದು ದೂರುವವರ ಲೆಕ್ಕ ತಪ್ಪಿದ್ದು ಇಲ್ಲಿ. ಫೆಬ್ರವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ಕೊಟ್ಟರೆ ಡಿಸೆಂಬರಿನಲ್ಲಿ ತಡವಾಗಿ ಸೇರಿದವೂ ಸಿಗುತ್ತವೆ, ಮಳೆನೀರಿನ ಬಸವನಹುಳಗಳಿಗೆ ಮೊಟ್ಟೆ ಮುಟ್ಟುವುದೂ ತಪ್ಪುತ್ತದೆ. ಟ್ರೈಕ್ಲಾಬೆಂಡಜೋಲ್ ಎಳೆಹುಳವನ್ನೂ ಕೊಲ್ಲುವುದರಿಂದ ನವೆಂಬರ್–ಡಿಸೆಂಬರಿನಲ್ಲೇ ಉಪಯೋಗಕ್ಕೆ ಬರುತ್ತದೆ. ಹಾಲಿನ ದನಕ್ಕೆ ಅದು ಸಲ್ಲುವುದೋ ಎಂಬುದನ್ನು ವೈದ್ಯರಲ್ಲಿ ಕೇಳಿಯೇ ಕೊಡಬೇಕು.

ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನ ಪಂಚಾಯತಿನಿಂದ ಮುಂಚೆಯೇ ತಿಳಿದರೆ ಅದಕ್ಕೆ ಹತ್ತು ಹದಿನೈದು ದಿನ ಮೊದಲು ಹುಳದ ಮದ್ದು ಕೊಟ್ಟಿರುವುದು ಒಳ್ಳೆಯದು. ಹುಳದಿಂದ ಸೊರಗಿದ ಮೈಗೆ ಲಸಿಕೆಯ ಫಲ ಪೂರ್ತಿ ಸಿಗುವುದಿಲ್ಲ. ಜ್ವರ ಇರುವ ದನಕ್ಕೆ, ದೂರದಿಂದ ಆಗಷ್ಟೇ ಲಾರಿಯಲ್ಲಿ ಇಳಿಸಿದ ದನಕ್ಕೆ, ಮೇವು ಬಿಟ್ಟು ಮಲಗಿದ ದನಕ್ಕೆ ಆ ದಿನ ಹುಳದ ಮದ್ದಿಲ್ಲ.

ಏಳನೆಯ ಹೆಜ್ಜೆ: ಕುಡಿಸುವ ರೀತಿ

ನಾನೇ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಮೂರು ತಿಂಗಳ ಒಂದು ಹೋರಿಗರುವಿಗೆ ಬಿದಿರಿನ ಗೊಟ್ಟದಲ್ಲಿ ಮದ್ದು ಕುಡಿಸುವಾಗ, ಚೆಲ್ಲಿ ಹೋಗಬಾರದೆಂದು ಮೋರೆಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಎಳೆದು ಹಿಡಿದು, ಒಂದೇ ಸಲಕ್ಕೆ ಹೊಯ್ದೆ. ಕರು ಎರಡು ಸಲ ಕೆಮ್ಮಿತು. ಪಕ್ಕದಲ್ಲಿದ್ದ ನೆರೆಮನೆಯ ಅಕ್ಕ, “ಕೆಮ್ಮಿತಲ್ಲಾ, ಬಿಡಿ ಅದನ್ನು” ಎಂದರೂ ಉಳಿದದ್ದನ್ನೂ ಹೊಯ್ದು ಮುಗಿಸಿದೆ. ಮೂರನೆಯ ದಿನಕ್ಕೆ ಕರುವಿಗೆ ಜ್ವರ, ಏದುಸಿರು. ಮದ್ದು ಶ್ವಾಸಕೋಶಕ್ಕೆ ಇಳಿದಿತ್ತು. ವಾರವಿಡೀ ಇಂಜೆಕ್ಷನ್ ಕೊಡಿಸಿ ಬದುಕಿಸಿದ್ದಾಯಿತು, ಆದರೆ ಆ ಕರು ಬೆಳೆಯಬೇಕಾದಷ್ಟು ಬೆಳೆಯಲಿಲ್ಲ.

ಮೂತಿ ಬೆನ್ನಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ನಾಲಿಗೆಯನ್ನು ಎಳೆದು ಹಿಡಿದರೆ ನುಂಗಲಾಗುವುದಿಲ್ಲ, ಬಿಟ್ಟುಬಿಡಿ. ಬಾಯಿಯ ಬದಿಯಲ್ಲಿ ಹಲ್ಲಿಲ್ಲದ ಜಾಗದಿಂದ ಸೂಜಿಯಿಲ್ಲದ ದೊಡ್ಡ ಸಿರಿಂಜಿನ ಮೂತಿಯನ್ನು ತೂರಿಸಿ, ಸ್ವಲ್ಪ ಸ್ವಲ್ಪವೇ ನಾಲಿಗೆಯ ಮೇಲೆ ಬಿಟ್ಟು, ಗಂಟಲು ಆಡಿದ್ದನ್ನು ನೋಡಿ ಮುಂದಿನ ಗುಟುಕು ಕೊಡಿ. ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು. ಬಾಟ್ಲಿಯನ್ನು ಚೆನ್ನಾಗಿ ಕುಲುಕದೆ ಅಳೆದರೆ ಮೊದಲ ದನಕ್ಕೆ ಬರೇ ನೀರು, ಕೊನೆಯದಕ್ಕೆ ತಳದ ಗಟ್ಟಿ ಮದ್ದು ಹೋಗುತ್ತದೆ. ಮದ್ದು ಕೊಟ್ಟ ದಿನವೇ ಹೊಸ, ಯಾರೂ ಮೇಯಿಸದ ಹುಲ್ಲಿಗೆ ದನವನ್ನು ಅಟ್ಟುವ ರೂಢಿಯೂ ಒಳ್ಳೆಯದಲ್ಲ. ಮದ್ದಿನಿಂದ ಬದುಕಿದ ಹುಳಗಳ ಮೊಟ್ಟೆ ಮಾತ್ರ ಆ ನೆಲದಲ್ಲಿ ಬೀಳುತ್ತದೆ.

ಎಂಟನೆಯ ಹೆಜ್ಜೆ: ಉಣುಗು

ಹೊರಮೈಯ ಉಣುಗಿನ ಲೆಕ್ಕ ತಿಂಗಳುಗಳದ್ದಲ್ಲ, ವಾರಗಳದ್ದು. ದನದಲ್ಲಿ ಹೆಚ್ಚಾಗಿ ಕಾಣುವ ನೀಲಿಬೂದು ಬಣ್ಣದ ಉಣುಗು ಮರಿಯಿಂದ ಮುದಿಯವರೆಗೆ ಒಂದೇ ದನದ ಮೈಮೇಲೆ ಸುಮಾರು ಮೂರು ವಾರ ಕಳೆದು, ರಕ್ತ ತುಂಬಿ ಉದುರಿ, ಹಟ್ಟಿಯ ಕಲ್ಲಿನ ಸಂದಿನಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಒಂದು ಸಲ ಸಿಂಪಡಿಸಿ ಬಿಟ್ಟರೆ ಸಂದಿನಲ್ಲಿದ್ದವು ಒಡೆದು ಮತ್ತೆ ಹತ್ತುತ್ತವೆ. ಆದ್ದರಿಂದ ಎರಡರಿಂದ ಮೂರು ವಾರಗಳ ಅಂತರದಲ್ಲಿ ಮೂರು ಸಲ, ಜೊತೆಗೆ ಹಟ್ಟಿಯ ಗೋಡೆಯ ಬಿರುಕುಗಳಿಗೂ ಮದ್ದು ಬೀಳಬೇಕು. 1.25 ಶೇಕಡಾ ಡೆಲ್ಟಾಮೆತ್ರಿನ್ ಅಥವಾ 12.5 ಶೇಕಡಾ ಅಮಿಟ್ರಾಜ್ ಆದರೆ ಲೀಟರ್ ನೀರಿಗೆ 2 ಮಿಲಿಲೀಟರ್. ಗಿಡ್ಡ ದನಕ್ಕೆ ಎರಡು ಲೀಟರ್ ದ್ರಾವಣ ಸಾಕು. ಡೆಲ್ಟಾಮೆತ್ರಿನ್ ಜಾತಿಯ ಮದ್ದುಗಳಿಗೆ ದೇಶದ ಹಲವೆಡೆ ಉಣುಗು ಜಗ್ಗದಂತಾಗಿದೆ. ಎರಡು ಸಲ ಸರಿಯಾದ ಅಳತೆಯಲ್ಲಿ ಹಾಕಿಯೂ ಉದುರದಿದ್ದರೆ ಅಳತೆ ಏರಿಸಬೇಡಿ, ಮದ್ದಿನ ಜಾತಿ ಬದಲಿಸಿ.

ಸಿಂಪಡಿಸುವುದು ಬೆಳಗಿನ ತಂಪಿನಲ್ಲಿ, ದನಕ್ಕೆ ಮೊದಲೇ ಹೊಟ್ಟೆತುಂಬ ನೀರು ಕುಡಿಸಿ. ಬಾಯಾರಿದ ದನ ತನ್ನ ಮೈಯನ್ನೇ ನೆಕ್ಕಿ ವಿಷ ಸೇವಿಸುತ್ತದೆ. ಮೈಯಲ್ಲಿ ಗಾಯವಿರಬಾರದು, ಮಳೆ ಬರುವ ಸೂಚನೆ ಇರಬಾರದು, ಸಿಂಪಡಿಸಿದ ನೀರು ತೋಡಿಗೂ ಕುಡಿಯುವ ನೀರಿನ ಸುರಂಗದ ಬಾಯಿಗೂ ಹರಿಯಬಾರದು. ಕೆಚ್ಚಲನ್ನು ಕರು ಚೀಪುವ ಮೊದಲು ತೊಳೆದಿರಬೇಕು. ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಈ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಗರುವಿಗೆ ಸಿಂಪಡಿಸದೆ, ಕಿವಿ, ಗಂಗೆದೊಗಲು, ಬಾಲದ ಬುಡದಿಂದ ಕೈಯಿಂದಲೇ ಹೆಕ್ಕಿ ಸೀಮೆಎಣ್ಣೆಗೆ ಹಾಕಿ. ಉಗುರಿನಿಂದ ಕುಕ್ಕಿ ಒಡೆಯಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನಕಾಯಿಲೆ ಹರಡುವುದು ಕಾಡಿನ ಬೇರೆ ಜಾತಿಯ ಉಣುಗಿನಿಂದ, ಮತ್ತು ಕಾಡಂಚಿಗೆ ಮೇಯಲು ಹೋದ ದನ ಅಂಥವನ್ನೂ ಹೊತ್ತು ತರಬಲ್ಲದು. ಉಣುಗು ಹತ್ತಿದ ದನಕ್ಕೆ ಜೋರು ಜ್ವರ ಬಂದು ಮೂತ್ರ ಕೆಂಪಾದರೆ ಅದು ರಕ್ತದೊಳಗಿನ ಪರಾವಲಂಬಿ ಜೀವಿಯ ಕೆಲಸ. ಆ ದಿನವೇ ವೈದ್ಯರು ಬರಬೇಕು.

ಒಂಬತ್ತನೆಯ ಹೆಜ್ಜೆ: ಹಾಲು ಮತ್ತು ಮಾಂಸದ ನಿಷೇಧದ ದಿನಗಳು

ಪ್ರತಿ ಮದ್ದಿನ ಚೀಟಿಯ ಮೇಲೆ ಹಾಲನ್ನು ಎಷ್ಟು ದಿನ, ಮಾಂಸವನ್ನು ಎಷ್ಟು ದಿನ ಬಳಸಬಾರದೆಂದು ಬರೆದಿರಬೇಕು. ನಿರ್ದಿಷ್ಟ ಅವಧಿ ದೃಢಪಟ್ಟಿಲ್ಲದ ಮದ್ದಿಗೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು 2012ರಲ್ಲಿ ತಿದ್ದುಪಡಿಯಾದ ಕೇಂದ್ರದ ಔಷಧ ನಿಯಮಗಳು ಹೇಳುತ್ತವೆ. ಐವರ್ಮೆಕ್ಟಿನ್ ಕೊಬ್ಬಿನಲ್ಲಿ ಉಳಿದು ವಾರಗಟ್ಟಲೆ ಹಾಲಿಗೆ ಇಳಿಯುವುದರಿಂದ, ಮನೆಗೋ ಸೊಸೈಟಿಗೋ ಹಾಲು ಹೋಗುವ ದನಕ್ಕೆ ಅದು ಬೇಡ. ಮಾರಲಿಟ್ಟ ಹೋರಿಗೆ ಅದರ ಇಂಜೆಕ್ಷನ್ ಕೊಡಿಸಿದ್ದರೆ, ಅಮೆರಿಕದಲ್ಲಿ 35 ದಿನ, ಯುರೋಪಿನ ಕೆಲವೆಡೆ 49 ದಿನ ಕಾಯುವ ನಿಯಮವಿದೆ. ಚೀಟಿಯಲ್ಲಿ ಅದಕ್ಕಿಂತ ಕಡಿಮೆ ಕಂಡರೂ ಹೆಚ್ಚು ದಿನ ಕಾಯುವುದರಿಂದ ನಷ್ಟವಿಲ್ಲ. ಕೊಂಡುಕೊಳ್ಳುವವರು ಕೇಳದಿದ್ದರೂ ಮದ್ದು ಕೊಟ್ಟ ತಾರೀಕನ್ನು ಹೇಳಿ ಮಾರುವುದು ಮರ್ಯಾದೆ. ಗಿಡ್ಡ ದನದ ಸೆಗಣಿಯಿಂದ ಜೀವಾಮೃತ ಮಾಡುವವರು ಇದನ್ನೂ ಗಮನಿಸಬೇಕು: ಐವರ್ಮೆಕ್ಟಿನ್ ಬಹುಪಾಲು ಸೆಗಣಿಯಲ್ಲೇ ಹೊರಬಂದು, ಅದನ್ನು ಮಣ್ಣಿಗೆ ಸೇರಿಸುವ ಸೆಗಣಿಹುಳಗಳ ಮರಿಗಳನ್ನು ಕೊಲ್ಲುತ್ತದೆ.

ಕ್ಯಾಲೆಂಡರಿನಲ್ಲಿ ಮದ್ದು ಕೊಟ್ಟ ದಿನದ ಚೌಕದಲ್ಲಿ ದನದ ಹೆಸರು, ಅಂದಾಜು ತೂಕ, ಮದ್ದಿನ ಹೆಸರು, ಕೊಟ್ಟ ಅಳತೆ ಬರೆಯಿರಿ. ಹಾಲು ಬಳಸಬಹುದಾದ ಮೊದಲ ದಿನಕ್ಕೂ, ಹದಿನಾಲ್ಕನೆಯ ದಿನಕ್ಕೂ ಒಂದೊಂದು ಗುರುತು ಹಾಕಿ. ದುಂಡುಹುಳಕ್ಕೆ ಮದ್ದು ಕೊಟ್ಟಿದ್ದರೆ ಆ ಹದಿನಾಲ್ಕನೆಯ ದಿನ ಅದೇ ದನದ ಸೆಗಣಿಯನ್ನು ಮತ್ತೆ ಆಸ್ಪತ್ರೆಗೆ ಒಯ್ಯಬೇಕು. ಮೊದಲಿದ್ದ ಮೊಟ್ಟೆಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಇಳಿದಿದ್ದರೆ ಮದ್ದು ಕೆಲಸ ಮಾಡಿದೆ. ಇಳಿಯದಿದ್ದರೆ ಮೊದಲು ತೂಕದ ಲೆಕ್ಕ ನೋಡಿ, ಆಮೇಲೆ ಬಾಟ್ಲಿಯ ಅವಧಿ ಮುಗಿದ ತಾರೀಕು ನೋಡಿ. ಎರಡೂ ಸರಿಯಿದ್ದರೆ ನಿಮ್ಮ ಹಟ್ಟಿಯ ಹುಳ ಆ ಮದ್ದಿಗೆ ಜಗ್ಗುತ್ತಿಲ್ಲವೆಂದು ಅರ್ಥ, ವೈದ್ಯರೊಡನೆ ಬೇರೆ ಗುಂಪಿನ ಮದ್ದಿನ ಮಾತಾಡಬೇಕು.